ಇರುವೆಯ ಕಣಜ ಮತ್ತು ಶ್ರಾವಕನ ಉಪವಾಸ



ಕೊಡಗು ಎಂದೊಡನೆ ಮಳೆ, ಕಾಫಿಯ ತೋಟ, ದಟ್ಟ ಕಾಡುಗಳು ಕಣ್ಣ ಮುಂದೆ ಬರುತ್ತವೆ. ಆದರೆ ಆ ನಾಡಿನ ಪೂರ್ವದ ಅಂಚಿನಲ್ಲಿ, ಕುಶಾಲನಗರದಿಂದ ಹೆಬ್ಬಾಲೆ, ಶಿರಂಗಾಲಗಳ ಕಡೆಗೆ ಕಾವೇರಿ ಹರಿಯುವ ಸೀಮೆಯಲ್ಲಿ, ಮಳೆ ತಗ್ಗಿ ನೆಲ ಒಣಗುತ್ತದೆ. ಎಲೆಯುದುರುವ ಕುರುಚಲು ಕಾಡು, ಹುಲ್ಲುಗಾವಲು, ರಾಗಿಯ ಹೊಲಗಳು ಅಲ್ಲಿ ಕಾಣಸಿಗುತ್ತವೆ. ಚಾತುರ್ಮಾಸ ಮುಗಿದು, ಹುಲ್ಲು ತೆನೆಗಟ್ಟಿ ಉದುರುವ ಕಾಲಕ್ಕೆ, ಇಂತಹ ಒಣನೆಲದಲ್ಲಿ ಮನುಷ್ಯನ ಸುಗ್ಗಿಯ ಜೊತೆಗೆ ಇನ್ನೊಂದು ಸುಗ್ಗಿ ನಡೆಯುತ್ತದೆ. ಅದು ಇರುವೆಗಳ ಸುಗ್ಗಿ.

ಕಾಳು ಕೂಡಿಸುವ ಈ ಇರುವೆಗಳು ಗೂಡಿನ ಬಾಯಿಂದ ಸಾಲುಗಟ್ಟಿ ಹೊರಟು, ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಹೊತ್ತು ತರುತ್ತವೆ. ನಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿ ಧಾನ್ಯ ತುಂಬಿಡುತ್ತಿದ್ದಂತೆ, ಇವೂ ನೆಲದಡಿಯ ಕೋಣೆಗಳಲ್ಲಿ ಅವನ್ನು ಸಂಗ್ರಹಿಸುತ್ತವೆ. ಸುಲಿದ ಹೊಟ್ಟನ್ನು ಹೊರಗೆ ಹಾಕುವುದರಿಂದ ಗೂಡಿನ ಸುತ್ತ ಅದು ಬಳೆಯಂತೆ ಬೀಳುತ್ತದೆ. ಅಕಾಲದ ಮಳೆಗೆ ಕಾಳು ನೆನೆದರೆ, ಬಿಸಿಲು ಬಂದಾಗ ಹೊರಗೆ ತಂದು ಒಣಗಿಸುತ್ತವೆ. ಹೊಟ್ಟಿನೊಡನೆ ಹೊರಬಿದ್ದ ಕೆಲವು ಬೀಜಗಳು ಮುಂದಿನ ಮಳೆಗೆ ಅಲ್ಲಿಯೇ ಹುಲ್ಲಾಗಿ ಮೊಳೆಯುವುದೂ ಉಂಟು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ತ್ರೀಂದ್ರಿಯ ಜೀವಕ್ಕೆ ಇರುವೆಯನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಸ್ಪರ್ಶ, ರಸನ, ಘ್ರಾಣ ಇವು ಅದರ ಇಂದ್ರಿಯಗಳು. ನೆಲದ ಮೇಲೆ ತಾನು ಬಿಟ್ಟ ವಾಸನೆಯ ಜಾಡನ್ನೇ ಹಿಡಿದು ಇರುವೆಯ ಸಾಲು ಸಾಗುತ್ತದೆಂದು ಇಂದಿನ ಜೀವಶಾಸ್ತ್ರವೂ ಹೇಳುತ್ತದೆ.

ಇಷ್ಟನ್ನೆಲ್ಲ ಓದಿ ತಿಳಿದಿದ್ದ ನಾನೇ ಒಮ್ಮೆ ತಪ್ಪಿದೆ. ಮಾರ್ಗಶಿರದ ಒಂದು ಚತುರ್ದಶಿ, ನನಗೆ ಪ್ರೋಷಧೋಪವಾಸ. ಅಂಗಳದಲ್ಲಿ ಚಾಪೆಯ ಮೇಲೆ ರಾಗಿ ಒಣಗಿತ್ತು. ಸ್ವಾಧ್ಯಾಯ ಮುಗಿಸಿ ಹೊರಗೆ ಬಂದಾಗ ಇರುವೆಯ ಸಾಲು ರಾಗಿಗೆ ಹತ್ತಿತ್ತು. ಸಿಟ್ಟಿನಿಂದ ವಿಷದ ಪುಡಿಯನ್ನು ತಂದು ಗೂಡಿನ ಬಾಯಿಗೆ ಸುರಿದೆ. ಸಂಜೆ ಪೊರಕೆಯಿಂದ ಗುಡಿಸಿದಾಗ ಸತ್ತ ಇರುವೆಗಳು ಎಳ್ಳಿನ ರಾಶಿಯಂತೆ ಕೂಡಿದವು. ಅನೇಕವು ಬಾಯಲ್ಲಿ ಕಾಳು ಕಚ್ಚಿಕೊಂಡೇ ಸತ್ತಿದ್ದವು. ಮರುದಿನ ಪಾರಣೆಗೆ ಕುಳಿತಾಗ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

“ನನ್ನ ಧಾನ್ಯವನ್ನು ನಾನು ಕಾಯ್ದುಕೊಂಡೆ, ಇದು ವಿರೋಧಿ ಹಿಂಸೆಯಲ್ಲವೆ?” ಎಂದು ಮನಸ್ಸು ವಾದ ಹೂಡಿತು. ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳು ಗೃಹಸ್ಥನಿಗೆ ಪೂರ್ತಿಯಾಗಿ ತಪ್ಪವು, ನಿಜ. ಆದರೆ ಸಂಕಲ್ಪಿ ಹಿಂಸೆಯನ್ನು ಆತ ಬಿಡಲೇಬೇಕು. ನೇಗಿಲಿನ ಮೊನೆಗೆ ಅರಿಯದೆ ಸಿಕ್ಕ ಜೀವದ ಮಾತು ಬೇರೆ. ಆ ದಿನ ನನ್ನೆದುರು ಬೇರೆ ದಾರಿಗಳಿದ್ದವು. ಚಾಪೆಯನ್ನು ಆಚೆಗೆ ಎಳೆಯಬಹುದಿತ್ತು. ಸುತ್ತಲೂ ಬೂದಿಯ ಗೆರೆ ಹಾಕಬಹುದಿತ್ತು. ಅವು ಒಯ್ದರೂ ಎಷ್ಟು ಒಯ್ಯುತ್ತಿದ್ದವು? ಹೆಚ್ಚೆಂದರೆ ಒಂದು ಸೇರು. ಒಂದು ಹೊತ್ತಿನ ಅನ್ನವನ್ನು ಬಿಟ್ಟವನಿಗೆ ಒಂದು ಸೇರು ರಾಗಿಯನ್ನು ಬಿಡಲಾಗಲಿಲ್ಲ. ಪ್ರೋಷಧದ ದಿನ ಆಹಾರದೊಡನೆ ಆರಂಭವನ್ನೂ ಕಷಾಯವನ್ನೂ ತ್ಯಜಿಸಬೇಕು. ಅವೆರಡನ್ನೂ ಇಟ್ಟುಕೊಂಡ ನನ್ನದು ಬರಿಯ ಲಂಘನವಾಯಿತು.

ಇರುವೆಯನ್ನು ನೋಡಿ ಕೂಡಿಡುವುದನ್ನು ಕಲಿಯಿರಿ ಎಂದು ಲೋಕ ಹೇಳುತ್ತದೆ. ಕೂಡಿಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಇರುವೆಗೂ ಉಂಟು, ನಮಗೂ ಉಂಟು. ಆದರೆ ಇರುವೆ ಅಸಂಜ್ಞಿ. ಹಿತಾಹಿತವನ್ನು ವಿಚಾರಿಸುವ ಮನಸ್ಸು ಅದಕ್ಕಿಲ್ಲ. “ಇಷ್ಟು ಸಾಕು” ಎಂದು ಅದು ವ್ರತ ಹಿಡಿಯಲಾರದು. ಆ ಯೋಗ್ಯತೆ ಮನುಷ್ಯ ಜನ್ಮಕ್ಕಿದೆ. ಪರಿಗ್ರಹ ಪರಿಮಾಣವೆಂದರೆ ಅದೇ.

ಅದೇ ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನಲ್ಲಿ ಕೊಂಗಾಳ್ವ ಅರಸುಮನೆತನದ ಪೋಚಬ್ಬರಸಿ 1058ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಳು. ಕೊಂಗಾಳ್ವರ ಕಣಜಗಳು ಇಂದು ಎಲ್ಲಿವೆ? ಧರ್ಮಕ್ಕಾಗಿ ಕೊಟ್ಟದ್ದು ಮಾತ್ರ ಇಂದಿಗೂ ಅಲ್ಲಿ ನಿಂತಿದೆ.

ಆದುದರಿಂದ ಈ ಪುಟವನ್ನೋದುವ ಕುಟುಂಬಗಳಲ್ಲಿ ನನ್ನದೊಂದು ವಿನಂತಿ. ಕಾರ್ತಿಕದ ಅಷ್ಟಾಹ್ನಿಕದಿಂದ ಫಾಲ್ಗುಣದ ಅಷ್ಟಾಹ್ನಿಕದವರೆಗೆ ಕಣದಲ್ಲಿ ಧಾನ್ಯ, ಅಂಗಳದಲ್ಲಿ ಕಾಫಿ ಒಣಗುವ ಕಾಲ. ಆ ಅವಧಿಗೆ ಎರಡು ನಿಯಮಗಳನ್ನು ಹಿಡಿಯಿರಿ. ಒಂದು, ಕಣಕ್ಕೂ ಅಂಗಳಕ್ಕೂ ವಿಷ ಹಾಕುವುದಿಲ್ಲವೆಂಬುದು. ಚಾಪೆ ಹಾಸುವ ಮೊದಲು ಇರುವೆಯ ಗೂಡೆಲ್ಲಿದೆಯೆಂದು ನೋಡಿ, ಅದರಿಂದ ದೂರ ಹಾಸುವುದು. ಎರಡು, ವರ್ಷಕ್ಕೆ ಮನೆಗೆ ಬೇಕಾದ ಧಾನ್ಯವನ್ನು ಮೊದಲೇ ಅಳೆದು, ಮಿಕ್ಕುದರಲ್ಲಿ ಒಂದು ಪಾಲನ್ನು ಆಹಾರದಾನಕ್ಕೆ ತೆಗೆದಿಡುವುದು. ಮೊದಲನೆಯದು ಅಭಯದಾನ, ಎರಡನೆಯದು ಆಹಾರದಾನ. ಇವೆರಡೂ ಇರುವ ಮನೆಯಲ್ಲಿ ಉಪವಾಸವು ಉಪವಾಸವಾಗುತ್ತದೆ.

ನಾನು ಆ ಚತುರ್ದಶಿಯ ದೋಷಕ್ಕೆ ಆಲೋಚನೆ, ಪ್ರತಿಕ್ರಮಣಗಳನ್ನು ಮಾಡಿದ್ದೇನೆ. ಸತ್ತವು ಮರಳಿ ಬರಲಿಲ್ಲ. ಮರುವರ್ಷ ಅದೇ ಅಂಗಳದ ಮೂಲೆಯಲ್ಲಿ ಹೊಟ್ಟಿನ ಹೊಸ ಬಳೆಯೊಂದು ಕಂಡಿತು. ಅಂದಿನಿಂದ ನಮ್ಮ ಮನೆಯಲ್ಲಿ ಚಾಪೆಯನ್ನು ಇನ್ನೊಂದು ಬದಿಗೆ ಹಾಸುತ್ತೇವೆ.

ಎಲ್ಲರಿಗೂ ಸದ್ಧರ್ಮದ ವೃದ್ಧಿಯಾಗಲಿ.