ವಿಷ ಎಲ್ಲಿದೆ?

ನಂಜು ರಕ್ತಕ್ಕೇರಿದ ರೋಗಿಯ ಪ್ರಾಣಕ್ಕೆ ಎರವಾಗುವುದು ಯಾವುದು? ಬ್ಯಾಕ್ಟೀರಿಯಾ ಎನ್ನುವುದು ಸುಲಭದ ಉತ್ತರ. ಅದು ಅರ್ಧಸತ್ಯ ಎಂದು ತೋರಿಸಿಕೊಟ್ಟದ್ದು ಪ್ರಯೋಗಶಾಲೆಯ ಒಂದು ಇಲಿ ತಳಿ, ಸಿ3ಎಚ್/ಎಚ್‌ಇಜೆ. ಸಾಲ್ಮೊನೆಲ್ಲಾ, ಇ. ಕೋಲೈಯಂಥ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡನ್ನು ಬೇರೆ ಇಲಿಗಳು ಸಾಯುವಷ್ಟು ಚುಚ್ಚಿದರೂ ಇದು ಆರಾಮಾಗಿರುತ್ತದೆ. ಕಾರಣ ಗೊತ್ತಾದದ್ದು 1998ರಲ್ಲಿ, ಬ್ರೂಸ್ ಬ್ಯೂಟ್ಲರ್ ತಂಡದಿಂದ: ಟಿಎಲ್‌ಆರ್-4 ಎಂಬ ಗ್ರಾಹಕದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಈ ಗ್ರಾಹಕ ಸರಿಯಾಗಿದ್ದರೆ ಬಿಳಿ ರಕ್ತಕಣ ಲಿಪೊಪಾಲಿಸ್ಯಾಕರೈಡ್ ಅಣುವನ್ನು ಹಿಡಿದ ಕೂಡಲೇ ಟಿಎನ್‌ಎಫ್ ಮುಂತಾದ ಉರಿಯೂತದ ರಾಸಾಯನಿಕಗಳನ್ನು ಸುರಿಯುತ್ತದೆ. ಅವು ಮಿತಿಮೀರಿದಾಗ ರಕ್ತದೊತ್ತಡ ಕುಸಿಯುತ್ತದೆ. ಗ್ರಾಹಕ ಕೆಟ್ಟಿದ್ದರೆ ವಿಷ ವಿಷವೇ ಅಲ್ಲ! ಕೊಲ್ಲುವ ಗುಣ ಆ ವಸ್ತುವಿನಲ್ಲಿರಲಿಲ್ಲ, ಅದಕ್ಕೆ ದೇಹ ಕೊಟ್ಟ ಉತ್ತರದಲ್ಲಿತ್ತು.

ಹಾಗಾದರೆ ಆ ಗ್ರಾಹಕದ ಬಾಯಿ ಮುಚ್ಚಿಸಿದರಾಯಿತಲ್ಲ? ಅದೇ ಇಲಿ ಇದಕ್ಕೂ ಉತ್ತರ ಹೇಳುತ್ತದೆ. ಜೀವಂತ ಸಾಲ್ಮೊನೆಲ್ಲಾ ಒಂದಿಷ್ಟು ಹೊಕ್ಕರೂ ಅದು ಉಳಿಯುವುದು ಕಷ್ಟ. ಟಿಎಲ್‌ಆರ್-4ಕ್ಕೆ ಅಡ್ಡಹಾಕುವ ಎರಿಟೊರಾನ್ ಔಷಧವೂ ದೊಡ್ಡ ಪರೀಕ್ಷೆಯಲ್ಲಿ ನಂಜಿನ ಸಾವುಗಳನ್ನು ತಗ್ಗಿಸಲಿಲ್ಲ. ಆ ಫಲಿತಾಂಶ ಪ್ರಕಟವಾದದ್ದು 2013ರಲ್ಲಿ.

ಬಿಳಿ ರಕ್ತಕಣ ಗಡಿ ಕಾಯುವ ಸೈನಿಕ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಸೈನಿಕನಿಗೆ ನಮ್ಮವರು, ಹೊರಗಿನವರು ಎಂಬ ಭೇದ ಗೊತ್ತು. ಗ್ರಾಹಕಕ್ಕೆ ಗೊತ್ತಿರುವುದು ಅಣುವಿನ ಆಕಾರ ಮಾತ್ರ. ಬ್ಯಾಕ್ಟೀರಿಯಾಗಳ ಪ್ರೋಟೀನು ಫಾರ್ಮೈಲ್ ಗುಂಪು ಹೊತ್ತ ಮೆಥಿಯೊನೀನಿನಿಂದ ಶುರುವಾಗುತ್ತದೆ. ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳು ಅದರ ಜಾಡು ಹಿಡಿದು ಬರುತ್ತವೆ. ಆದರೆ ನಮ್ಮದೇ ಜೀವಕೋಶಗಳಲ್ಲಿರುವ ಮೈಟೊಕಾಂಡ್ರಿಯಾಗಳು ತಾವೇ ತಯಾರಿಸುವ ಪ್ರೋಟೀನುಗಳಿಗೂ ಇದೇ ಗುರುತು. ಅವು ಒಂದು ಕಾಲದ ಬ್ಯಾಕ್ಟೀರಿಯಾಗಳೇ ತಾನೇ? ಅಪಘಾತದಲ್ಲಿ ಮೈ ಜಜ್ಜಿಹೋದಾಗ ಅವು ರಕ್ತಕ್ಕೆ ಸೋರುತ್ತವೆ, ನ್ಯೂಟ್ರೋಫಿಲ್‌ಗಳು ಕೆರಳುತ್ತವೆ.

ಇದನ್ನು ಗ್ರಾಹಕದ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ‘ನೀನು ಯಾರು?’ ಎಂದು ಅದು ಕೇಳಿಯೇ ಇರಲಿಲ್ಲ. 1994ರಲ್ಲಿ ರೋಗನಿರೋಧಕ ವಿಜ್ಞಾನಿ ಪಾಲಿ ಮ್ಯಾಟ್ಜಿಂಗರ್, ದೇಹ ಗುರುತಿಸುವುದು ಪರಕೀಯವನ್ನಲ್ಲ, ಅಪಾಯವನ್ನು ಎಂದು ವಾದಿಸಿದರು. ಆ ಮಾತಿನ ಅರ್ಧ ಭಾಗ ನನಗೆ ಒಪ್ಪಿಗೆ. ಉಳಿದರ್ಧಕ್ಕೆ ಅಡ್ಡಬರುವುದು ಅದೇ ಲಿಪೊಪಾಲಿಸ್ಯಾಕರೈಡ್: ಒಂದು ಜೀವಕೋಶಕ್ಕೂ ಗಾಯವಾಗದಿದ್ದರೂ ಅದೊಂದೇ ಜ್ವರ ಬರಿಸಬಲ್ಲದು. ಅದೇ ವಸ್ತು ನಮ್ಮ ಕರುಳಿನಲ್ಲಿ ದಿನವೂ ಧಾರಾಳವಾಗಿರುತ್ತದೆ, ಅಲ್ಲಿ ಸಾಮಾನ್ಯವಾಗಿ ಗದ್ದಲವಿಲ್ಲ. ಅಂದಮೇಲೆ ಶತ್ರುತ್ವ ಅಣುವಿಗೆ ಅಂಟಿಕೊಂಡು ಬಂದ ಗುಣವಲ್ಲ. ಎಲ್ಲಿ, ಎಷ್ಟು, ಯಾರ ಜೊತೆ ಎಂಬುದರ ಮೇಲೆ ಅದು ನಿಂತಿದೆ.

ತೀವ್ರನಿಗಾ ಘಟಕದಲ್ಲಿ ಇದು ಬರೀ ತತ್ವವಿಚಾರವಲ್ಲ. ಜಜ್ಜಿದ ಗಾಯದ ರೋಗಿಗೂ ನಂಜಿನ ರೋಗಿಗೂ ಒಂದೇ ಬಗೆಯ ಜ್ವರ, ಒಂದೇ ಬಗೆಯ ನಾಡಿ ಓಟ ಇರಬಹುದು. ಒಬ್ಬರಿಗೆ ಆಂಟಿಬಯಾಟಿಕ್ ಒಂದೊಂದು ಗಂಟೆ ತಡವಾದರೂ ಅಪಾಯ; ಇನ್ನೊಬ್ಬರಲ್ಲಿ ಆ ಔಷಧಕ್ಕೆ ಕೊಲ್ಲಲು ಏನೂ ಇಲ್ಲ.