ಎಕ್ಸ್‌ಚೇಂಜ್ ಬದಲಾದ ಮೇಲೂ ಫೋನು ಅದೇ ಫೋನೇ?

ಕಚೇರಿಯ ಒಳಗಿನ ಫೋನುಗಳನ್ನು ಜೋಡಿಸುವ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಯನ್ನು ತೆಗೆದು ಇಂಟರ್‌ನೆಟ್ ಮೇಲೆ ನಡೆಯುವ ಹೊಸ ವ್ಯವಸ್ಥೆ ಕೂರಿಸುವಾಗ, ಮೇಜಿನ ಮೇಲಿನ ಫೋನ್ ಸೆಟ್‌ಗಳನ್ನು ಹಾಗೇ ಉಳಿಸಿಕೊಳ್ಳುವುದುಂಟು. ಖರ್ಚು ಉಳಿಸಲೆಂದು ಮಾಡುವ ಈ ಕೆಲಸದೊಳಗೆ ತತ್ತ್ವಶಾಸ್ತ್ರದ ಬಹಳ ಹಳೆಯ ಪ್ರಶ್ನೆಯೊಂದು ಕೂತಿದೆ: ಭಾಗಗಳು ಬದಲಾದ ಮೇಲೂ ಒಂದು ವಸ್ತುವನ್ನು 'ಅದೇ' ಎನ್ನುವುದು ಯಾವುದರ ಬಲದ ಮೇಲೆ?

ಸಾಮಾನ್ಯ ಫೋನ್ ಸೆಟ್ಟಿಗೆ ಬೇಕಾದದ್ದು ಎರಡು ತಂತಿ. ರಿಸೀವರ್ ಎತ್ತಿದರೆ ಸರ್ಕ್ಯೂಟ್ ಕೂಡಿಕೊಂಡು ವಿದ್ಯುತ್ ಹರಿಯುತ್ತದೆ. ಯಾರೋ ಎತ್ತಿದ್ದಾರೆಂದು ಎಕ್ಸ್‌ಚೇಂಜಿಗೆ ತಿಳಿಯುವುದು ಹಾಗೆ. ತಿರುಗಿಸುವ ಡಯಲ್ಲಿನಲ್ಲಿ ಮೂರು ಅಂದರೆ ಆ ಹರಿವನ್ನು ಮೂರು ಸಲ ಕಡಿಯುವುದು, ಸೊನ್ನೆ ಅಂದರೆ ಹತ್ತು ಸಲ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ 128 ಪೋರ್ಟ್‌ಗಳ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸಕ್ಕೆ ನಿಂತದ್ದು ಕಿತ್ತೂರಿನಲ್ಲಿ. ದೇಶದ ಹಳೆಯ ಎಕ್ಸ್‌ಚೇಂಜ್‌ಗಳಲ್ಲಿ ಟಕಟಕ ಎನ್ನುತ್ತಿದ್ದ ಯಂತ್ರಗಳ ಜಾಗಕ್ಕೆ ಸದ್ದಿಲ್ಲದ ಚಿಪ್‌ಗಳು ಬಂದವು. ಮನೆಯ ಡಯಲ್ ಫೋನಿಗೆ ಅದರ ಸುಳಿವೂ ಬೇಕಿರಲಿಲ್ಲ, ಏಕೆಂದರೆ ಹೊಸ ಯಂತ್ರವೂ ಹಳೆಯ ಸಂಕೇತವನ್ನೇ ಒಪ್ಪಿಕೊಂಡಿತು.

ಇಲ್ಲಿ 'ಸಂಕೇತ' ಎಂಬ ಮಾತು ಎರಡು ಕಡೆಗೂ ಸಲ್ಲುತ್ತದೆ. ತಂತಿಯಲ್ಲಿ ಅದು ಗುರುತು. ನ್ಯಾಯದರ್ಶನದಲ್ಲಿ ಅದು ಪದಕ್ಕೂ ಅರ್ಥಕ್ಕೂ ನಡುವೆ ಇರುವ ಒಪ್ಪಂದ. ಇಂಥ ಶಬ್ದಕ್ಕೆ ಇಂಥ ಅರ್ಥ ಎಂದು ಗೊತ್ತುಮಾಡಿಕೊಂಡದ್ದರಿಂದಲೇ ಮಾತು ಕೆಲಸ ಮಾಡುತ್ತದೆ ಎಂದು ನೈಯಾಯಿಕರು ವಾದಿಸಿದರು. ಮೀಮಾಂಸಕರು ಆ ನಂಟು ನಿತ್ಯ ಎಂದರು. ಫೋನಿನ ಮಟ್ಟಿಗೆ ನೈಯಾಯಿಕರ ಮಾತೇ ಗೆಲ್ಲುತ್ತದೆ. ಎಲ್ಲರೂ ಬಲ್ಲ ಒಪ್ಪಂದದಂತೆ ನಡೆಯುವ ಅನಲಾಗ್ ಸೆಟ್ಟು ಎಷ್ಟೋ ಎಕ್ಸ್‌ಚೇಂಜ್‌ಗಳನ್ನು ದಾಟಿ ಬಾಳುತ್ತದೆ. ಒಂದೇ ಕಂಪನಿಯ ಪೆಟ್ಟಿಗೆಯೊಂದಿಗೆ ಗುಟ್ಟಿನ ಭಾಷೆಯಾಡುವ ಡಿಜಿಟಲ್ ಸೆಟ್ಟು ಆ ಪೆಟ್ಟಿಗೆ ಹೋದ ದಿನವೇ ಮೂಕವಾಗುತ್ತದೆ. ಅದರ ಗುಂಡಿಗಳು ಎಷ್ಟೇ ಹೊಸದಾಗಿ ಹೊಳೆಯಲಿ.

ಆದ್ದರಿಂದ ಯೋಜನೆಯ ಮೊದಲ ಕೆಲಸ ಸೆಟ್‌ಗಳನ್ನು ಅವುಗಳ ಒಪ್ಪಂದದ ಪ್ರಕಾರ ವಿಂಗಡಿಸುವುದು. ಅನಲಾಗ್ ಸೆಟ್‌ಗಳನ್ನು ಹೊಸ ವ್ಯವಸ್ಥೆಗೆ ಜೋಡಿಸಲು ಗೇಟ್‌ವೇ ಎಂಬ ಪೆಟ್ಟಿಗೆ ಬೇಕು, ಸೆಟ್ಟಿಗೊಂದು ಪೋರ್ಟ್. ಡಯಲ್ ಫೋನುಗಳಿದ್ದರೆ ಆ ಗೇಟ್‌ವೇ ಕಡಿತದ ಎಣಿಕೆಯನ್ನು ಬಲ್ಲದೇ ಎಂದು ಕೊಳ್ಳುವ ಮೊದಲೇ ಕೇಳಬೇಕು. ಗುಂಡಿ ಒತ್ತಿದ ದನಿಯನ್ನು ಮಾತ್ರ ಬಲ್ಲವು ಬಹಳ. ಕರೆಂಟಿನ ವಿಚಾರ ಇನ್ನೂ ಮುಖ್ಯ. ಹಳೆಯ ಲ್ಯಾಂಡ್‌ಲೈನ್ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ ಉಸಿರಾಡುತ್ತಿತ್ತು, ಊರೆಲ್ಲ ಕತ್ತಲಾದರೂ ಮಾತಾಡುತ್ತಿತ್ತು. ಹೊಸದಕ್ಕೆ ಕಚೇರಿಯಲ್ಲೇ ಯುಪಿಎಸ್ ಇಡಬೇಕು.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಹಳೆಯ ವ್ಯವಸ್ಥೆಯೋ ಹೊಸದೋ? ಒಂದು ಅವಯವ ಹೋದರೂ ಹಳೆಯ ಅವಯವಿ, ಅಂದರೆ ಭಾಗಗಳಿಂದಾದ ಇಡೀ ವಸ್ತು, ನಾಶವಾಗಿ ಬೇರೊಂದು ಹುಟ್ಟುತ್ತದೆ ಎನ್ನುವುದು ವೈಶೇಷಿಕರ ನಿಲುವು. ರಾತ್ರಿಯಿಡೀ ಉರಿದ ದೀಪದ ಜ್ವಾಲೆ ಅದೇ ಅಲ್ಲ, ಬೇರೆಯೂ ಅಲ್ಲ ಎಂದು ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ಹೇಳಿದ. ಆದರೆ ಹೆಚ್ಚು ಬೆಳಕು ಕೊಡುವುದು ಜೈನ ಆಚಾರ್ಯ ಸಮಂತಭದ್ರನ 'ಆಪ್ತಮೀಮಾಂಸೆ'. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನವಷ್ಟೇ ಬೇಕಿದ್ದವನಿಗೆ ಎರಡೂ ಇಲ್ಲ. ಹುಟ್ಟು, ಅಳಿವು, ಉಳಿವು ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಕ್ಷಣ ಇರುತ್ತವೆ ಎಂಬ ಜೈನರ ಮಾತಿಗೆ ಇದು ನಿದರ್ಶನ. ಕಚೇರಿಯಲ್ಲೂ ಹಾಗೆಯೇ: ಹಳೆಯ ಬೋರ್ಡನ್ನು ಕೈಬೆರಳಲ್ಲೇ ಬಲ್ಲ ಆಪರೇಟರಿಗೆ ನಷ್ಟ, ತಂತ್ರಜ್ಞನಿಗೆ ಲಾಭ, ಆ ಕಡೆಯ ದನಿ ಕೇಳಿದರೆ ಸಾಕು ಎನ್ನುವವರಿಗೆ ಏನೂ ಆಗಿಲ್ಲ.

ಕರ್ನಾಟಕದ ಉಜ್ಜಿನಿ ಎಂಬ ಊರು ಇದೇ ಪ್ರಶ್ನೆಯನ್ನು ಇನ್ನೊಂದು ರೂಪದಲ್ಲಿ ಮುಂದಿಡುತ್ತದೆ. 1953ರ ಅಕ್ಟೋಬರ್ 1ರವರೆಗೆ ಅದು ಮದ್ರಾಸ್ ರಾಜ್ಯದಲ್ಲಿತ್ತು, ಬಳಿಕ ಮೈಸೂರಿಗೆ ಬಂತು. ಕೂಡ್ಲಿಗಿ ತಾಲ್ಲೂಕಿನಿಂದ ಕೊಟ್ಟೂರು ತಾಲ್ಲೂಕಿಗೆ ಹೋಯಿತು. 2021ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ವಿಜಯನಗರ ಜಿಲ್ಲೆಗೆ ಸೇರಿತು. ಕಾಗದ ಹೋಗುವ ಕಚೇರಿಗಳೆಲ್ಲ ಬದಲಾದರೂ ಊರು ಮರುಳಸಿದ್ಧೇಶ್ವರನ ಊರಾಗಿಯೇ ಇದೆ, ವೀರಶೈವರ ಪಂಚಪೀಠಗಳಲ್ಲಿ ಒಂದಾದ ಸದ್ಧರ್ಮ ಪೀಠದ ನೆಲೆಯಾಗಿಯೇ ಇದೆ. ಪೀಠದಲ್ಲಿ ಕೂರುವ ಜಗದ್ಗುರು ಬದಲಾಗುತ್ತಾರೆ. ದೇಗುಲದ ಶಿಖರಕ್ಕೆ ವರ್ಷವರ್ಷವೂ ಎರೆಯುವ ತೈಲ ಪ್ರತಿ ಸಲ ಹೊಸ ತೈಲವೇ.

ವೀರಶೈವರ ಇಷ್ಟಲಿಂಗದಲ್ಲಿ ಈ ವಿವೇಕ ಅಂಗೈಯಷ್ಟು ಹತ್ತಿರಕ್ಕೆ ಬರುತ್ತದೆ. ಲಿಂಗದ ಮೇಲಿನ ಕಪ್ಪು ಕಂತಿ ಸವೆದರೆ ಹೊಸದಾಗಿ ಕಟ್ಟಿಸುತ್ತಾರೆ. ಶಿವದಾರ ಜೀರ್ಣವಾದರೆ ಬೇರೆಯದು, ಕರಡಿಗೆ ಮುರಿದರೆ ಬೇರೆಯದು. ಭಕ್ತನ ಪಾಲಿಗೆ ಲಿಂಗ ಅದೇ, ಏಕೆಂದರೆ ದೀಕ್ಷೆಯಲ್ಲಿ ಗುರು ಕೂಡಿಸಿದ ಅಂಗ-ಲಿಂಗ ಸಂಬಂಧವನ್ನು ಯಾರೂ ಕಡಿದಿಲ್ಲ. ಫೋನಿನ ಸಂಕೇತ ಜನರು ಮಾಡಿಕೊಂಡ ಒಪ್ಪಂದ, ಬೇಕಾದರೆ ಬದಲಿಸಬಹುದು. ಈ ಸಂಬಂಧ ಹಾಗಲ್ಲ, ಅದು ಬದುಕಿನುದ್ದಕ್ಕೂ ಹೊತ್ತದ್ದು. ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಆದರೂ ಎರಡರಲ್ಲೂ 'ಅದೇ' ಎಂಬ ಮಾತನ್ನು ಹೊರುವುದು ವಸ್ತುವಲ್ಲ, ನಂಟು.

ಆ ನಂಟು ಬದಲಾವಣೆಯ ನಡುವೆ ಒಂದು ಗಳಿಗೆಯೂ ಹರಿಯದಂತೆ ನೋಡಿಕೊಳ್ಳುವ ಕ್ರಮವನ್ನು ಶೈವಾಗಮಗಳು ಜೀರ್ಣೋದ್ಧಾರದಲ್ಲಿ ಹೇಳುತ್ತವೆ. ಗರ್ಭಗುಡಿಯ ಕೆಲಸಕ್ಕೆ ಮುಂಚೆ ಕಲಾಕರ್ಷಣ ಮಾಡಿ ದೇವರ ಸಾನ್ನಿಧ್ಯವನ್ನು ಕುಂಭಕ್ಕೆ ತರುತ್ತಾರೆ, ಬಾಲಾಲಯ ಎಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಪೂಜೆ ಮುಂದುವರಿಸುತ್ತಾರೆ. ಕೆಲಸ ಮುಗಿದ ಮೇಲೆ ಮರುಪ್ರತಿಷ್ಠೆ. ಕಚೇರಿಯಲ್ಲಿ ಇದಕ್ಕೆ ಸಮನಾದದ್ದು ಹಳೆಯ, ಹೊಸ ವ್ಯವಸ್ಥೆಗಳನ್ನು ಕೆಲವು ದಿನ ಜೊತೆಯಾಗಿ ನಡೆಸುವುದು. ಎಕ್ಸ್‌ಟೆನ್ಶನ್ ನಂಬರುಗಳನ್ನು ಬದಲಿಸದೆ ಸೆಟ್‌ಗಳನ್ನು ಒಂದೊಂದಾಗಿ ಹೊಸ ಗೇಟ್‌ವೇಗೆ ಸಾಗಿಸಬೇಕು, ಪ್ರತಿಯೊಂದರಿಂದಲೂ ಕರೆ ಮಾಡಿ, ಪ್ರತಿಯೊಂದಕ್ಕೂ ಕರೆ ತರಿಸಿ ನೋಡಬೇಕು. ಕೊನೆಯ ಸೆಟ್ಟು ರಿಂಗಾದ ಮೇಲೆಯೇ ಹಳೆಯ ಪೆಟ್ಟಿಗೆಯ ಸ್ವಿಚ್ ಆರಿಸುವುದು.