ಆ ಅಳು ಯಾರದ್ದು?

ಭಾನುವಾರ ಬೆಳಿಗ್ಗೆ, ಜಯನಗರದ ಒಂದು ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ನಾವು ಹದಿನಾಲ್ಕು ಜನ ಕಣ್ಣು ಮುಚ್ಚಿಕೊಂಡು ನೆಲದ ಮೇಲೆ ಮಲಗಿದ್ದೆವು. ಹೆಚ್ಚುಕಮ್ಮಿ ಎಲ್ಲರೂ ನನ್ನ ಥರದವರೇ. ಸೋಮವಾರದಿಂದ ಶುಕ್ರವಾರದವರೆಗೆ ಲ್ಯಾಪ್‌ಟಾಪು, ಶನಿವಾರ ಭಾನುವಾರ ನಟರು. ಕಲಿಸುತ್ತಿದ್ದವರು ಮೆಲ್ಲಗೆ ಹೇಳಿದರು: "ದುಃಖ ನೆನಪಿಸ್ಕೋಬೇಡಿ. ದುಃಖ ಆದ ಜಾಗ ನೆನಪಿಸ್ಕೊಳ್ಳಿ. ಬೆಳಕು ಎಲ್ಲಿಂದ ಬರ್ತಿತ್ತು? ಕಾಲ ಕೆಳಗೆ ಏನಿತ್ತು? ಏನು ವಾಸನೆ?"

ನನಗೆ ಬಂದಿದ್ದು ಹೊಗೆಯ ವಾಸನೆ. ಹೊಸನಗರದ ಹತ್ತಿರದ ನಮ್ಮ ಮನೆ, ರಾತ್ರಿ ಬಸ್ಸಿಳಿದು ನಡೆದುಕೊಂಡು ಹೋದ ಬೆಳಗಿನ ಜಾವ, ಜಗಲಿ ತುಂಬ ಜನ, ನಡುವೆ ಅಪ್ಪ. ನಾನು ಒಳಗೆ ಹೋಗಲಾರದೆ ಮನೆ ಸುತ್ತಿಕೊಂಡು ಹಿಂದೆ ಹೋದರೆ ಹಿತ್ತಿಲ ಮೆಟ್ಟಿಲ ಮೇಲೆ ಅಮ್ಮ. ಅಳುತ್ತಿರಲಿಲ್ಲ. ಅಪ್ಪನ ಬೈರಾಸನ್ನು ತೊಡೆಯ ಮೇಲಿಟ್ಟುಕೊಂಡು ಮಡಚುತ್ತಿದ್ದಳು. ಬೈರಾಸು ಅಂದರೆ ನೀವು ಟವೆಲ್ ಅಂತೀರಲ್ಲ, ಅದು. ಮಡಚೋದು, ಬಿಚ್ಚೋದು, ಮತ್ತೆ ಮಡಚೋದು.

ಜಯನಗರದ ನೆಲದ ಮೇಲೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಆಮೇಲೆ ಎಲ್ಲರೂ ಬಂದು ತಬ್ಬಿಕೊಂಡರು. "ಇವತ್ತು ನೀನು ಓಪನ್ ಆದೆ" ಅಂದರು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಗೆಳೆಯರನ್ನೆಲ್ಲ ಕರೆದುಕೊಂಡು ಹೋಗಿ ಬಿರಿಯಾನಿ ತಿಂದೆ. ಅಪ್ಪನ ಸಾವಿನಿಂದ ನನಗೆ ಸಂತೋಷ ಆಗಿದ್ದು ಅದೇ ಮೊದಲು. ಆ ಮಾತನ್ನು ಹೀಗೆ ಬರೆಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು.

ಈ ವಿದ್ಯೆಗೊಂದು ಹಿನ್ನೆಲೆ ಇದೆ. ರಷ್ಯಾದ ಸ್ತಾನಿಸ್ಲಾವ್‌ಸ್ಕಿ ನಟನ ಸ್ವಂತ ನೆನಪಿನಿಂದ ಭಾವವನ್ನು ಎಬ್ಬಿಸುವ ದಾರಿ ಹುಡುಕಿದ. ಅಮೆರಿಕದ ಲೀ ಸ್ಟ್ರಾಸ್‌ಬರ್ಗ್ ಅದನ್ನೇ ಹಿಡಿದು ಬೆಳೆಸಿದ. ಆದರೆ 1934ರಲ್ಲಿ ಸ್ಟೆಲ್ಲಾ ಆಡ್ಲರ್ ಎಂಬ ನಟಿ ಪ್ಯಾರಿಸ್‌ನಲ್ಲಿ ಸ್ತಾನಿಸ್ಲಾವ್‌ಸ್ಕಿಯ ಜೊತೆ ಕೆಲವು ವಾರ ಕೂತು ಕಲಿತು ವಾಪಸ್ ಬಂದು, ಆತ ಈಗ ಒತ್ತು ಕೊಡ್ತಿರೋದು ನಾಟಕದ ಸಂದರ್ಭಕ್ಕೆ, ಕಲ್ಪನೆಗೆ, ಪಾತ್ರ ಏನು ಮಾಡುತ್ತೆ ಅನ್ನೋದಕ್ಕೆ ಅಂದಳು. ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಇಬ್ಬರ ಜಗಳ ಬದುಕಿರೋವರೆಗೂ ಮುಗಿಯಲಿಲ್ಲ. ಅಂಥ ಸ್ಟ್ರಾಸ್‌ಬರ್ಗ್ ಕೂಡ ಬಳಸುವ ನೆನಪು ಕನಿಷ್ಠ ಏಳು ವರ್ಷ ಹಳೆಯದಾಗಿರಲಿ ಅನ್ನುತ್ತಿದ್ದನಂತೆ. ನಮ್ಮಪ್ಪ ಹೋಗಿ ಆಗ ಹದಿನಾಲ್ಕು ತಿಂಗಳಾಗಿತ್ತು. ಇದೆಲ್ಲ ನಾನು ಓದಿದ್ದು ಆಮೇಲೆ. ಇಂಜಿನಿಯರ್‌ಗಳು ಮ್ಯಾನ್ಯುಯಲ್ ಓದೋದು ಯಾವಾಗಲೂ ಕೆಟ್ಟ ಮೇಲೆಯೇ.

ಕೆಟ್ಟಿದ್ದು ಹೀಗೆ. ಅಳೋಕೆ ಬರುತ್ತೆ ಅನ್ನೋದು ಹೊಸ ನಟನಿಗೆ ದೊಡ್ಡ ಬಂಡವಾಳ. ಸೀರಿಯಲ್‌ಗಳಲ್ಲಿ ಕಣ್ಣ ಕೆಳಗೆ ಗ್ಲಿಸರಿನ್ ಹಚ್ಚುತ್ತಾರೆ, ಹತ್ತು ನಿಮಿಷ ಕಣ್ಣು ಉರಿಯುತ್ತೆ, ಶಾಟ್ ಓಕೆ. ನಾನು ಗ್ಲಿಸರಿನ್ ಬೇಡ ಅಂದಾಗ ಒಬ್ಬ ಸಹಾಯಕ ನಿರ್ದೇಶಕ ಬೆರಗಾಗಿ ನೋಡಿದ. ಅದರಿಂದಲೇ ಇನ್ನೆರಡು ಸಣ್ಣ ಪಾತ್ರ ಸಿಕ್ಕವು. ರೆಸ್ಯೂಮೆಯಲ್ಲಿ ಜಾವಾ ಬರೆಯೋ ಹಾಗೆ ನಾನು ಅಳು ಬರೆದುಕೊಂಡೆ. ನಾಟಕದಲ್ಲೂ ಅದೇ. ಮೊದಲ ಐದು ಶೋ ಆ ಹಿತ್ತಿಲು, ಆ ಹೊಗೆ ಕೈಕೊಡಲಿಲ್ಲ. ಆರನೆಯದರಲ್ಲಿ ಏನೂ ಬರಲಿಲ್ಲ. ಅಪ್ಪನ ಮುಖ ಕರೆದರೆ ಲೈಟ್ ಕ್ಯೂ ನೆನಪಾಯಿತು. ಅದಾದರೂ ಹೋಗಲಿ. ದೀಪಾವಳಿಗೆ ಊರಿಗೆ ಹೋದಾಗ, ಜಗಲಿಯಲ್ಲಿ ಅಪ್ಪ ಕೂರುತ್ತಿದ್ದ ಜಾಗ ನೋಡಿದರೆ, ನಾಟಕದ ಡೈಲಾಗು ಬಾಯಿಗೆ ಬಂತು. ಅಪ್ಪ ಬರಲಿಲ್ಲ.

ನಿರ್ದೇಶಕರಿಗೆ ಹೇಳಿದೆ. ಅವರು, "ಅಳೋದು ಬಿಡು, ಕೈಗೆ ಏನಾದರೂ ಕೆಲಸ ಕೊಡು" ಅಂದರು. ನಾಟಕದಲ್ಲಿ ನನ್ನದು ಮಗನನ್ನು ಕಳೆದುಕೊಂಡ ಮೇಷ್ಟ್ರ ಪಾತ್ರ. ಯೋಚನೆಯನ್ನೂ ಮಾಡದೆ ನಾನು ಒಂದು ಟವೆಲ್ ತಗೊಂಡು ಮಡಚತೊಡಗಿದೆ. ಮಡಚೋದು, ಬಿಚ್ಚೋದು, ಮತ್ತೆ ಮಡಚೋದು. ಸಭಾಂಗಣ ಉಸಿರು ಬಿಗಿಹಿಡಿದು ಕೂತಿತು. ಇಷ್ಟು ದಿನ ಕಣ್ಣೀರಿಗೆ ಸಿಗದಿದ್ದ ಮೌನ ಆ ಟವೆಲ್ಲಿಗೆ ಸಿಕ್ಕಿತು.

ನನ್ನ ತಕರಾರು ಶುರುವಾಗಿದ್ದು ಅಲ್ಲಿಂದ. ನನ್ನ ದುಃಖ ನನ್ನದು, ಅದನ್ನು ಸುಟ್ಟು ಚಳಿ ಕಾಯಿಸಿಕೊಂಡರೂ ನಷ್ಟ ನನಗೇ. ಆದರೆ ಮಡಚುವ ಆ ಕೈ ಅಮ್ಮನದು. ಯಾರೂ ನೋಡುತ್ತಿಲ್ಲ ಅಂದುಕೊಂಡು ಮನೆ ಹಿಂದೆ ಕೂತು ಮಾಡಿದ್ದು. ನಮ್ಮ ಆಫೀಸಿನಲ್ಲಿ ಗ್ರಾಹಕರ ನಿಜವಾದ ಡೇಟಾ ತಂದು ಟೆಸ್ಟಿಂಗ್‌ಗೆ ಹಾಕುವ ಹಾಗಿಲ್ಲ. ಹೆಸರು, ಫೋನ್ ನಂಬರು, ಎಲ್ಲ ಮಾಸ್ಕ್ ಮಾಡಿಯೇ ಹಾಕಬೇಕು. ನಾನೇ ಎಷ್ಟೋ ಜನ ಹುಡುಗರಿಗೆ ಇದಕ್ಕಾಗಿ ಬೈದಿದ್ದೇನೆ. ಅಮ್ಮನ ವಿಷಯದಲ್ಲಿ ನಾನು ಏನು ಮಾಸ್ಕ್ ಮಾಡಿದ್ದೆ? ಬೈರಾಸಿನ ಬಣ್ಣ.

ಗೆಳೆಯರು ನಕ್ಕರು. ಕಥೆಗಾರರೆಲ್ಲ ಮಾಡೋದು ಇದೇ ತಾನೆ, ನಟ ನೋಡದೆ ಇನ್ನೇನು ಮಾಡಬೇಕು ಅಂದರು. ಸರಿಯೇ. ನೋಡುವುದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವತ್ತು ಹಿತ್ತಿಲಲ್ಲಿ ನಿಂತಿದ್ದವನು ಮಗನಾ, ನಟನಾ ಅಂತ ಈಗ ಅನುಮಾನ ಬರುತ್ತೆ. ಅಮ್ಮನ ಪಕ್ಕ ಹೋಗಿ ಕೂರದೆ ನಿಂತು ನೋಡಿದ್ದೆನಲ್ಲ.

ಚಿಕ್ಕವನಿದ್ದಾಗ ನಮ್ಮೂರ ಗದ್ದೆಯಲ್ಲಿ ಮೇಳದ ಆಟ. ಚಂದ್ರಮತಿಯ ಪಾತ್ರಧಾರಿ ಮಗನ ಹೆಣ ಮುಂದಿಟ್ಟುಕೊಂಡು ಗೋಳಾಡಿದ್ದಕ್ಕೆ ನಾನು ಅಜ್ಜಿಯ ಸೆರಗು ಒದ್ದೆ ಮಾಡಿದ್ದೆ. ಬೆಳಗಾಗಿ ಚೌಕಿಗೆ ಹೋಗಿ ಇಣುಕಿದರೆ, ಆತ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತ, "ಚಾ ಬಂತಾ ಮಾರಾಯಾ?" ಅನ್ನುತ್ತಿದ್ದ. ಆಗ ಮೋಸ ಹೋದ ಹಾಗೆ ಅನ್ನಿಸಿತ್ತು. ಈಗ ಹೊಟ್ಟೆಕಿಚ್ಚು ಅನ್ನಿಸುತ್ತೆ. ಆತನಿಗೆ ಭಾಗವತರ ಪದ ಇತ್ತು, ಮದ್ದಳೆ ಇತ್ತು, ಗುರು ಕಲಿಸಿದ ಹೆಜ್ಜೆ ಇತ್ತು. ಸ್ವಂತ ಮನೆಯ ಹೆಣ ತರಬೇಕಾಗಿರಲಿಲ್ಲ. ದುಃಖವೇ ಇಲ್ಲದವನು ಅಳುವನ್ನು ಹೇಗೆ ತೋರಿಸಿಯಾನು ಅಂತ ಭರತ ನಾಟ್ಯಶಾಸ್ತ್ರದಲ್ಲಿ ಕೇಳುತ್ತಾನೆ. ಅದಕ್ಕೆ ಬೇಕಾದ್ದು ಏಕಾಗ್ರವಾದ ಮನಸ್ಸು ಅನ್ನೋದು ಅವನ ಉತ್ತರ. ನಿನ್ನ ಮನೆಗೆ ಹೋಗಿ ಹುಡುಕು ಅನ್ನುವುದಿಲ್ಲ. ಆದರೂ ಆ ಚಂದ್ರಮತಿಯ ಒಳಗೆ ಯಾರ ಅಳು ಇತ್ತು ಅಂತ ಚಾ ಕುಡಿಯುವಾಗ ಯಾರೂ ಕೇಳಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅಮ್ಮ ಬೆಂಗಳೂರಿಗೆ ಬಂದಳು. ನಾಟಕಕ್ಕೆ ಕರೆದುಕೊಂಡು ಹೋಗದೆ ಇರಲು ನೆಪ ಹುಡುಕಿದೆ, ಸಿಗಲಿಲ್ಲ. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಳು. ಅವತ್ತು ಟವೆಲ್ ಬಿಟ್ಟುಬಿಡೋಣ ಅಂದುಕೊಂಡೇ ರಂಗಕ್ಕೆ ಹೋದೆ. ದೃಶ್ಯ ಬಂತು, ಮಡಚಿದೆ. ಯಾಕೆ ಅಂತ ಕೇಳಬೇಡಿ. ಆ ಮೌನದ ರುಚಿ ಹತ್ತಿತ್ತು ಅಂತಷ್ಟೇ ಹೇಳಬಲ್ಲೆ.

ವಾಪಸ್ ಬರುವಾಗ ಆಟೋದಲ್ಲಿ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಸೌತ್ ಎಂಡ್ ಸರ್ಕಲ್ ದಾಟಿದ ಮೇಲೆ, "ಅಷ್ಟು ಹೊತ್ತು ಮಡಚ್ಲಿಲ್ಲ ನಾನು" ಅಂದಳು.

ನಾನು ಸುಮ್ಮನಿದ್ದೆ.

"ಎರಡು ಸಲ ಮಡಚಿದ್ದೇನೋ. ಬಚ್ಚಲ ಒಲೆ ಉರಿ ಕೆಟ್ಟಿತ್ತು, ಹೊಗೆ ಬರ್ತಿತ್ತು. ಎದ್ದು ಹೋಗಿ ಸೌದೆ ಮುಂದೆ ಹಾಕ್ದೆ. ಅಪ್ಪನ್ನ ಮೀಯಿಸೋಕೆ ನೀರು ಕಾಯ್ಬೇಕಿತ್ತಲ."

ಆ ಹೊಗೆ ನನಗೆ ನೆನಪಿತ್ತು, ಹದಿನಾಲ್ಕು ಜನರ ನಡುವೆ ಅದನ್ನೇ ಹಿಡಿದು ಅತ್ತಿದ್ದೆ. ಆದರೆ ಅದು ಎಲ್ಲಿಂದ ಬರುತ್ತಿತ್ತು ಅಂತ ನೋಡಿರಲಿಲ್ಲ. ಅಮ್ಮ ಎದ್ದು ಹೋಗಿದ್ದೂ ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ. ಅಲ್ಲಿ ಅವಳು ಇವತ್ತಿಗೂ ಮಡಚುತ್ತಲೇ ಕೂತಿದ್ದಾಳೆ.

ಬೇಜಾರಾಯ್ತಾ ಅಂತ ಕೇಳಿದೆ. "ಎಂತಕ್ಕೆ?" ಅಂದಳು. ಅದು ಇಲ್ಲ ಅನ್ನುವ ಎಂತಕ್ಕೆಯೋ, ಕೇಳಬೇಡ ಅನ್ನುವ ಎಂತಕ್ಕೆಯೋ, ಗೊತ್ತಾಗಲಿಲ್ಲ. ಆಟೋದವನಿಗೆ ಚಿಲ್ಲರೆ ಅವಳೇ ಕೊಟ್ಟಳು.

ಮುಂದಿನ ಶೋನಲ್ಲಿ ನಾನು ಎರಡು ಸಲ ಮಡಚಿ, ಟವೆಲ್ ಅಲ್ಲೇ ಇಟ್ಟು ಎದ್ದು ಹೋದೆ. ದೃಶ್ಯ ಇನ್ನೂ ಗಟ್ಟಿಯಾಯಿತು ಅಂತ ಎಲ್ಲರೂ ಹೇಳಿದರು. ನನಗೂ ಹಾಗೇ ಅನ್ನಿಸಿತು, ಅದೇ ಕಷ್ಟ. ಈಗ ಸಾಗರದಲ್ಲಿ ಒಂದು ಪ್ರದರ್ಶನ ಗೊತ್ತಾಗಿದೆ. ಅಮ್ಮ ಈ ಸಲ ಚಿಕ್ಕಮ್ಮನನ್ನೂ ಕರೆದುಕೊಂಡು ಬರ್ತಾಳಂತೆ. ಅವತ್ತು ಬಚ್ಚಲಿಗೆ ಸೌದೆ ಹೊತ್ತು ತಂದಿದ್ದವಳು ಅವಳು.